ಅಗದೀ ಛಂದ ಕುಂಡ್ರತಾಳ

ಲಕ್ಷ್ಮೇಶ್ವರದ ಪಿಂಜಾರ ಫಕ್ರುಸಾಬನಿಗೆ ಎರಡು ಕೆಲಸ ಚೆನ್ನಾಗಿ ಬರುತ್ತಿದ್ದವು. ಒಂದು, ಹತ್ತಿ ಹಿಂಜಿ ಗಾದಿ ಹೊಲಿಯುವುದು. ಇನ್ನೊಂದು, ಆ ಗಾದಿಯ ಬಗ್ಗೆ ಮಾತಾಡುವುದು. ಎರಡರಲ್ಲಿ ಯಾವುದು ಹೆಚ್ಚು ಚೆನ್ನಾಗಿ ಬರುತ್ತದೆಂದು ಅವನನ್ನೇ ಕೇಳಿದರೆ, ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, ಗಾದಿ ಹೊಲಿಯುವವರು ಊರಲ್ಲಿ ಇನ್ನೂ ಕೆಲವರಿದ್ದಾರೆ ಎನ್ನುತ್ತಿದ್ದ.

ಮದುವೆಯ ಸುಗ್ಗಿ ಬಂತೆಂದರೆ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಶಿರಹಟ್ಟಿ, ಮುಂಡರಗಿ, ಡಂಬಳ ಅಂತ ಹೊರಟುಬಿಡುತ್ತಿದ್ದ. ಗಿರಾಕಿಯ ಕಟ್ಟೆಯ ಮೇಲೆ ಕುಳಿತು, ಹಳೆಯ ಗಾದಿಯ ಹೊಟ್ಟೆ ಬಿಚ್ಚಿ, ಜಡ್ಡುಗಟ್ಟಿದ ಅರಳೆಯನ್ನು ಬಿಲ್ಲಿನ ತಂತಿಗೆ ಕೊಟ್ಟು ಟಂಯ್ ಟಂಯ್ ಎಂದು ಹಿಂಜತೊಡಗಿದರೆ ಓಣಿಯ ಮಕ್ಕಳೆಲ್ಲ ಅಲ್ಲೇ ಜಮಾ. "ಫಕ್ರು, ಗಂಟು ಉಳದಾವೇನೋ?" ಎಂದು ಮನೆಯ ಹಿರಿಯರು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಗಂಟು ಎಲ್ಲೀವ್ರಿ ಯಪ್ಪಾ, ಅಗದೀ ಸಾಫ್ ಐತ್ರಿ. ಮಲಗಿ ನೋಡ್ರಿ, ನಿಮ್ಮನ್ನ ಎಬ್ಬಸಾಕ ನಾಕ ಮಂದಿ ಬೇಕು." ಗಂಟುಗಳು ಇರುತ್ತಿರಲಿಲ್ಲವೆಂದಲ್ಲ. ಸಂಜೆಯೊಳಗೆ ಮುಗಿಸುವ ಅವಸರದಲ್ಲಿ ಉಳಿದವನ್ನೆಲ್ಲ ಗಾದಿಯ ಕಾಲ್ದೆಸೆಗೆ ತಳ್ಳಿ ಹೊಲಿದುಬಿಡುತ್ತಿದ್ದ. ಕಾಲಿಗೇನು ತಿಳಿಯುತ್ತದೆ ಎಂಬುದು ಅವನ ಲೆಕ್ಕ.

ಈ ಬಾಯಿ ಗಾದಿಯ ಮಟ್ಟಿಗಷ್ಟೇ ಓಡಿದ್ದರೆ ಚಿಂತೆಯಿರಲಿಲ್ಲ. ಮಗಳ ವಿಷಯದಲ್ಲೂ ಓಡುತ್ತಿತ್ತು, ಪೇಚಾಟ ಶುರುವಾದದ್ದು ಅಲ್ಲಿ.

ಮಗಳು ಗುಲಾಬಬಿ ಹುಟ್ಟಿದಾಗ ಬಹಳ ಹೊತ್ತು ಅಳದೆ ಸುಮ್ಮನಿದ್ದ ಕೂಸು. ಬೆಳೆದಳು, ಆದರೆ ಕೈಕಾಲು ಅವಳ ಮಾತು ಕೇಳಲಿಲ್ಲ. ಸೊಂಟ ನಿಲ್ಲಲಿಲ್ಲ, ಕೂರಿಸಿ ಕೈಬಿಟ್ಟರೆ ಪಕ್ಕಕ್ಕೆ ವಾಲಿ ಬೀಳುತ್ತಿದ್ದಳು. ಆಗಾಗ ಮೂರ್ಛೆ ಬರುತ್ತಿತ್ತು. "ಬಾ" ಎಂಬ ಒಂದೇ ಅಕ್ಷರದಲ್ಲಿ ಅಪ್ಪನನ್ನೂ ಅವ್ವನನ್ನೂ ನೀರನ್ನೂ ರೊಟ್ಟಿಯನ್ನೂ ಕರೆಯುತ್ತಿದ್ದಳು. ಆದರೆ ನಗುವುದಕ್ಕೆ ಮಾತ್ರ ಯಾರ ಸಹಾಯವೂ ಬೇಕಿರಲಿಲ್ಲ. ಅಪ್ಪ ಮನೆಯಲ್ಲಿ ಹತ್ತಿ ಹಿಂಜುತ್ತಿದ್ದರೆ ಬಿಲ್ಲಿನ ಸದ್ದಿಗೇ ನಗುತ್ತಿದ್ದಳು. ಹಿಂಜಿದ ಅರಳೆ ರಾಶಿಯಾದ ಮೇಲೆ ಅವನು ಅವಳನ್ನು ಅದರ ಅಂಚಿಗೆ ಕೂರಿಸಿ, "ಬಿಡಲೇನು? ಬಿಡಲೇನು?" ಎಂದು ಕೇಳಿ ಕೈಬಿಡುತ್ತಿದ್ದ. ಅವಳು ಅರಳೆಯೊಳಗೆ ಬಿದ್ದು ಕೂದಲ ತುಂಬ ಹತ್ತಿ ಮೆತ್ತಿಕೊಂಡು ಕೇಕೆ ಹಾಕುತ್ತಿದ್ದಳು. ಇನ್ನೊಮ್ಮೆ ಎಂಬಂತೆ "ಬಾ" ಎನ್ನುತ್ತಿದ್ದಳು.

ಊರವರು ಕೇಳಿದಾಗ ಫಕ್ರುಸಾಬ ಇದನ್ನೆಲ್ಲ ಹೇಳುತ್ತಿರಲಿಲ್ಲ. "ಮಗಳು ಹೆಂಗ ಅದಾಳೋ?" ಎಂದರೆ "ಅಗದೀ ಛಂದ ಅದಾಳ್ರಿ, ದಿನಾ ಸುಧಾರಸಾಕತ್ಯಾಳ" ಎನ್ನುತ್ತಿದ್ದ. ಹಿರೇವಡ್ಡಟ್ಟಿಯ ಹುಚ್ಚೀರಪ್ಪ ಗೌಡರ ಮುಂದಂತೂ, ಗಾದಿಯ ಅಂಚು ಹೊಲಿಯುತ್ತ ಹೊಲಿಯುತ್ತ, ಬರುವ ವರ್ಷ ಶಾಲೆಗೆ ಹಾಕುವವನಿದ್ದೇನೆ ಎಂದುಬಿಟ್ಟಿದ್ದ. ಮರುವರ್ಷ ಗೌಡರು ನೆನಪಿಟ್ಟು ಕೇಳಿದರು. ಮಾಸ್ತರರಿಗೆ ವರ್ಗವಾಯಿತು, ಅದಕ್ಕೇ ನಿಂತಿದೆ ಎಂದ. ಮನೆಗೆ ಬಂದು ಹೆಂಡತಿ ಮೋತಿಬಿಯ ಮುಂದೆ ಇದನ್ನು ಹೇಳಿ ನಕ್ಕ. ಅವಳು ನಗಲಿಲ್ಲ.

ಮೋತಿಬಿಗೆ ನಗುವಷ್ಟು ಬಿಡುವಿರಲಿಲ್ಲ. ಮಗಳನ್ನು ಎತ್ತುವುದು, ತೊಳೆಯುವುದು, ಉಣಿಸುವುದು, ಹೊರಳಿಸುವುದು ಎಲ್ಲ ಅವಳದೇ. ಮೂರ್ಛೆಯ ಗುಳಿಗೆಗಾಗಿ ತಿಂಗಳು ತಿಂಗಳು ಮಗಳನ್ನು ಟೊಂಕದ ಮೇಲೆ ಹೊತ್ತು ಬಸ್ಸು ಹತ್ತಿ ಗದಗಿಗೆ ಹೋಗಬೇಕು. ಮಗುವನ್ನು ತೋರಿಸದೆ ಅಲ್ಲಿ ಗುಳಿಗೆ ಕೊಡುತ್ತಿರಲಿಲ್ಲ. ಮೊದಲು ಹಗುರವಾಗಿದ್ದ ಹುಡುಗಿ ಈಗ ಬೆಳೆದು, ಹೊತ್ತರೆ ಅವಳ ಕಾಲು ಅವ್ವನ ಮೊಣಕಾಲಿಗೆ ಬಡಿಯುತ್ತಿದ್ದವು. ಕಳೆದ ಸಲ ಬಸ್ಸಿನ ಮೆಟ್ಟಿಲ ಮೇಲೆ ಮೋತಿಬಿಯ ಬೆನ್ನು ಹಿಡಿದುಕೊಂಡು, ಹಿಂದಿನವರು ತಳ್ಳಿ ಹತ್ತಿಸಬೇಕಾಯಿತು. "ಇನ್ನ ನನ್ನ ಕಡೆ ಆಗೂದಿಲ್ರಿ" ಎಂದು ಅವಳು ಬಸ್ಸಿನ ಮಂದಿಯ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ದಿನ. ಫಕ್ರುಸಾಬ ಆಗ ಮುಂಡರಗಿಯಲ್ಲಿ ಯಾರದೋ ಮದುಮಗಳ ಗಾದಿಗೆ ಹತ್ತಿ ಹಿಂಜುತ್ತಿದ್ದ, ಅದನ್ನು ಕೇಳಿದ್ದು ವಾರದ ಮೇಲೆ.

ಅದು ದೇಶದೇಶಗಳೆಲ್ಲ ಸೇರಿ ಅಂಗವಿಕಲರ ವರ್ಷವೆಂದು ಸಾರಿದ್ದ ವರ್ಷ, ಸಾವಿರದ ಒಂಬೈನೂರ ಎಂಬತ್ತೊಂದು. ರಂಜಾನ್ ಮುಗಿದ ಕೆಲವು ದಿನಕ್ಕೆ ಎದುರು ಮನೆಯ ಅಮೃತವ್ವ ಖಬರು ತಂದಳು. ಅವಳು ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು, ಸರ್ಕಾರದ ಸುದ್ದಿ ಅವಳಿಗೇ ಮೊದಲು.

"ಶಿರಹಟ್ಯಾಗ ಕ್ಯಾಂಪ್ ಐತಿ ಮೋತಿಬಿ. ಹುಬ್ಬಳ್ಳಿಯಿಂದ ಡಾಕ್ಟರ್ ಬಾಯಾರು ಬರತಾರ. ಕುಂಡ್ರಾಕ ಬರೂ ಹುಡುಗರಿಗೆ ಶಾಲಿ ತೋರಸತಾರ. ಕುಂಡ್ರಾಕ ಬರದ ಹುಡುಗರಿಗೆ ಮನಿಗೇ ನರ್ಸ್‌ಬಾಯಾರ್ನ ಕಳಸತಾರಂತ. ಗುಳಿಗಿ ಅವ್ರs ತಂದು ಕೊಡತಾರ, ಕೈಕಾಲು ಹೆಂಗ ತೀಡಬೇಕು ಅನ್ನೂದು ಕಲಸತಾರ. ನೀ ಇನ್ನ ಗದಗಿಗೆ ಹೊರೂದು ತಪ್ಪತೈತಿ ನೋಡವ್ವಾ."

ಮೋತಿಬಿ ಎರಡು ಸಲ ಹೇಳಿಸಿಕೊಂಡಳು. ಕೂರಲು ಬಾರದ ಮಕ್ಕಳಿಗೆ ಮನೆಗೇ ನರ್ಸು. ಇದರಲ್ಲಿ ತಿಳಿಯದಿರುವಂಥದು ಏನೂ ಇರಲಿಲ್ಲ. ಫಕ್ರುಸಾಬನೂ ಅಲ್ಲೇ ಕುಳಿತು ಕೇಳಿದ, ತಲೆಯಾಡಿಸಿದ. ತಿಳಿಯದೆ ಹೀಗಾಯಿತು ಎಂದು ಮುಂದೆ ಹೇಳಿಕೊಳ್ಳುವ ಅವಕಾಶವೂ ಅವನಿಗೆ ಉಳಿಯಲಿಲ್ಲ.

ಶಿಬಿರದ ಹಿಂದಿನ ದಿನ ಅವನು ಬೇರೆ ಕೆಲಸ ಬದಿಗಿಟ್ಟು ಕುಳಿತ. ಮಗಳನ್ನು ಕೂರಿಸಲೆಂದು ಅವನೇ ಮಾಡಿದ ಲೋಡುಗಳು ಮನೆಯಲ್ಲಿದ್ದವು. ಬೆನ್ನಿಗೆ ಒಂದು ದೊಡ್ಡದು, ಎರಡೂ ಪಕ್ಕೆಗೆ ಒತ್ತಿ ಹಿಡಿಯುವಂಥವು, ತೊಡೆಯ ಕೆಳಗೊಂದು, ಕುತ್ತಿಗೆಯ ಹಿಂದೆ ಸಣ್ಣದೊಂದು. ಇವುಗಳಲ್ಲಿ ಮಾತ್ರ ಒಂದೂ ಗಂಟಿರಲಿಲ್ಲ. ಎಲ್ಲ ಸರಿಯಾಗಿ ಇಟ್ಟರೆ ಗುಲಾಬಬಿ ನೆಟ್ಟಗೆ ಕೂರುತ್ತಿದ್ದಳು. ರಂಜಾನಿಗೆ ಹೊಲಿಸಿದ ಹಸಿರು ಹೂವಿನ ಫ್ರಾಕಿನ ಬಟ್ಟೆ ಉಳಿದಿತ್ತು. ಅದರಿಂದಲೇ ಲೋಡುಗಳಿಗೆಲ್ಲ ಹೊಸ ಗವಸು ಹೊಲಿದ. ಫ್ರಾಕು ಎಲ್ಲಿ ಮುಗಿಯಿತು, ಲೋಡು ಎಲ್ಲಿ ಶುರುವಾಯಿತು ಎಂದು ಹೊಲಿದವನಿಗೇ ಗೊತ್ತಾಗಬಾರದು, ಹಾಗೆ.

"ಇದೆಲ್ಲಾ ಯಾಕ್ರಿ?" ಎಂದಳು ಮೋತಿಬಿ. "ಕುಂಡ್ರಾಕ ಬರಂಗಿಲ್ಲ ಅಂತ ತೋರಸಾಕ ಹೊಂಟೀವಿ ನಾವು."

"ತೋರಸೂಣು. ಆದ್ರ ತೋರಸೂತನಕ ನಾಕ ಮಂದ್ಯಾಗ ಆಕಿ ಬಿದ್ಕೊಂಡಿರಬೇಕೇನು? ಪಿಂಜಾರನ ಮಗಳು ಬರೇ ನೆಲದ ಮ್ಯಾಲ ಬಿದ್ದಿದ್ಳು ಅಂದ್ರ ನನ್ನ ಮಾರಿ ಎಲ್ಲಿ ಇಡಲಿ?"

"ನಿಮ್ಮ ಮಾರಿ ತೋರಸಾಕ ಹೊಂಟಿಲ್ಲ" ಎಂದು ಅವಳು ಒಳಗೆ ಹೋದಳು.

ಬೆಳಿಗ್ಗೆ ಬಸ್ಸಿನಲ್ಲಿ ಮೋತಿಬಿ ಅವನಿಗೆ ದಾರಿಯುದ್ದಕ್ಕೂ ಪಾಠ ಹೇಳಿದಳು. ಕುಂಡ್ರತಾಳೇನು ಅಂತ ಕೇಳಿದರೆ ಇಲ್ಲ ಅನ್ನಬೇಕು. ಮಾತಾಡುತ್ತಾಳೇನು ಅಂದರೆ ಇಲ್ಲ. ಕೈಯಿಂದ ಉಣ್ಣುತ್ತಾಳೇನು ಅಂದರೂ ಇಲ್ಲ. ಅವನು ಪ್ರತಿಯೊಂದಕ್ಕೂ ಹೂಂಗುಟ್ಟಿದ. ಇಷ್ಟು ಸಣ್ಣ ಮಾತನ್ನು ಇಷ್ಟು ಸಲ ಹೇಳುವುದೇಕೆ, ತಾನೇನು ಕೂಸೇ ಎಂದು ಒಳಗೊಳಗೇ ಸಿಟ್ಟೂ ಬಂತು.

ಶಿರಹಟ್ಟಿಯ ಶಾಲೆಯ ಪಡಸಾಲೆ ತುಂಬಿ ಹೋಗಿತ್ತು. ಅಲ್ಲಿ ಬೆಂಚಿನ ಮೇಲೆ ಫಕ್ರುಸಾಬ ತನ್ನ ಲೋಡುಗಳನ್ನು ಹೂಡಿ ಮಗಳನ್ನು ಕೂರಿಸಿ, ಫ್ರಾಕನ್ನು ಸುತ್ತಲೂ ಹರಡಿದ. ಗುಲಾಬಬಿ ನೆಟ್ಟಗೆ ಕುಳಿತು ಜನರನ್ನೆಲ್ಲ ನೋಡಿ ನಕ್ಕಳು. ಪಕ್ಕದಲ್ಲಿದ್ದ ಹೆಂಗಸೊಬ್ಬಳು "ಈಕಿಗೇನಾಗೈತಿ ಯವ್ವಾ, ಗೊಂಬಿ ಕುಂತಂಗ ಕುಂತಾಳ" ಎಂದಳು. ಫಕ್ರುಸಾಬನ ಎದೆ ಉಬ್ಬಿತು. ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಸಾಲಿನಲ್ಲಿ ಅವರ ಹಿಂದೆಯೇ ಬಂದು ನಿಂತವರು ಹಿರೇವಡ್ಡಟ್ಟಿಯ ಹುಚ್ಚೀರಪ್ಪ ಗೌಡರು. ಮಗಳನ್ನು ಶಿರಹಟ್ಟಿಗೇ ಕೊಟ್ಟಿದ್ದರು, ಮೊಮ್ಮಗನ ಪೋಲಿಯೋ ಕಾಲು ತೋರಿಸಲು ಬಂದಿದ್ದರು.

"ಏನೋ ಫಕ್ರು, ಇವಳs ಏನು ಶಾಲಿಗೆ ಹಾಕೂ ಮಗಳು?"

"ಹೌದ್ರಿ ಗೌಡ್ರ" ಎಂದ ಫಕ್ರುಸಾಬ. ಬಸ್ಸಿನಲ್ಲಿ ಕಲಿತದ್ದೆಲ್ಲ ಆ ಒಂದು ಮಾತಿಗೆ ಕಿಟಕಿಯಿಂದ ಹಾರಿಹೋಯಿತು.

ಸರದಿ ಬಂತು. ಡಾಕ್ಟರು ಮೊದಲಿನವರನ್ನು ಕಳಿಸುವಷ್ಟರಲ್ಲಿ ಫಕ್ರುಸಾಬ ಮೇಜಿನ ಮುಂದೆಯೂ ಲೋಡು ಹೂಡಿ ಮಗಳನ್ನು ಕೂರಿಸಿದ. ಡಾಕ್ಟರ್ ಬಾಯಿ ಇನ್ನೂ ಚಿಕ್ಕ ವಯಸ್ಸಿನವರು. ಮುಖದಲ್ಲಿ ಆಯಾಸವಿತ್ತು, ದನಿಯಲ್ಲಿ ಮರ್ಯಾದೆಯಿತ್ತು. ಪಕ್ಕದಲ್ಲಿ ಬರೆದುಕೊಳ್ಳಲು ಸಿದ್ದಲಿಂಗವ್ವ ಎಂಬ ನರ್ಸು. ಡಾಕ್ಟರು ಗುಲಾಬಬಿಯ ಮೊಣಕಾಲಿಗೆ ಬಡಿದು ನೋಡಿದರು, ಕಣ್ಣಿಗೆ ಬ್ಯಾಟರಿ ಹಿಡಿದರು. ಆಮೇಲೆ ಫಕ್ರುಸಾಬನತ್ತ ತಿರುಗಿದರು.

"ತಾನs ಕುಂಡ್ರತಾಳೇನ್ರಿ?"

ಇಸ್ತ್ರಿ ಮಾಡಿದ ಸೀರೆ, ಓದಿದ ಹೆಂಗಸು, ಎದುರಿಗೆ ತನ್ನ ಕೈಯ ಕೆಲಸ, ಹಿಂದೆ ಹಳೆಯ ಗಿರಾಕಿ. ಫಕ್ರುಸಾಬನ ನಾಲಗೆ ಯಾರನ್ನೂ ಕೇಳಲಿಲ್ಲ.

"ಕುಂಡ್ರತಾಳ್ರಿ ಬಾಯಾರ. ಅಗದೀ ಛಂದ ಕುಂಡ್ರತಾಳ. ನೋಡ್ರೆಲಾ, ಎಲ್ಲ್ಯಾರ ವಾಲ್ಯಾಳೇನು?"

"ಇಲ್ರಿ, ಆಕಿ..." ಎಂದು ಮೋತಿಬಿ ಬಾಯಿ ತೆರೆದಳು. ಆದರೆ ಅವನ ದನಿ ದೊಡ್ಡದು. ಅವಳು ಹಿಂದಿನಿಂದ ಅವನ ಬೆನ್ನು ಚಿವುಟಿದಳು. ಹೆಂಡತಿ ಹುರುಪು ತುಂಬುತ್ತಿದ್ದಾಳೆ ಎಂದುಕೊಂಡು ಅವನು ಇನ್ನಷ್ಟು ಮುಂದುವರಿದ.

"ಮಾತು?"

"ನಮ್ಮ ಕೂಡ ಎಲ್ಲಾ ಮಾತಾಡತಾಳ್ರಿ. ನೀರು ಬೇಕಂದ್ರ ಕೇಳತಾಳ, ರೊಟ್ಟಿ ಬೇಕಂದ್ರ ಕೇಳತಾಳ."

"ಭಾಳ ಚಲೋ ಆತು" ಎಂದು ಡಾಕ್ಟರು ನಿಜವಾಗಿಯೂ ಸಂತೋಷಪಟ್ಟರು. "ಇಂಥಾ ಹುಡುಗರು ಮನ್ಯಾಗ ಇರಬಾರದು. ಶಾಲಿಗೆ ಕಳಸ್ರಿ. ನರ್ಸು ಮನಿಗೆ ಬರೂದು ಬಿದ್ದಲ್ಲೇ ಇರೂ ಹುಡುಗರಿಗೆ. ಸಿದ್ದಲಿಂಗವ್ವ, ಮುಂದಿನವರನ್ನ ಕರೀರಿ."

ಮೋತಿಬಿ ಮಗಳನ್ನು ಲೋಡುಗಳ ನಡುವಿನಿಂದ ಎತ್ತಿ ಟೊಂಕಕ್ಕೆ ಹಾಕಿಕೊಂಡು ಹೊರಗೆ ನಡೆದಳು. ಫಕ್ರುಸಾಬ ಲೋಡುಗಳನ್ನೆಲ್ಲ ಬಾಚಿ ತಬ್ಬಿಕೊಂಡು ಹಿಂದೆ ಓಡಿದ. ಶಾಲೆಯ ಬೇವಿನ ಗಿಡದ ಕೆಳಗೆ ಅವಳು ಕುಳಿತಳು. ಕುಳಿತದ್ದೂ ಒಮ್ಮೆಗೇ ಅಲ್ಲ, ಗಿಡಕ್ಕೆ ಕೈ ಕೊಟ್ಟು, ಹಲ್ಲು ಕಚ್ಚಿ, ಮೆಲ್ಲಗೆ. ಹೆಂಡತಿ ಹೀಗೆ ಕೂರುವುದನ್ನು ಅವನು ಎಷ್ಟೋ ಸಲ ನೋಡಿರಬೇಕು. ಕಣ್ಣಿಗೆ ಬಿದ್ದದ್ದು ಮಾತ್ರ ಆವತ್ತೇ.

"ನನಗ ಬಾಯಿ ತಪ್ಪಿತು" ಎಂದ.

"ಮಗಳನ್ನ ನಾ ಹೊರತೀನ್ರಿ" ಎಂದಳು ಮೋತಿಬಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನಿಮ್ಮ ಬಾಯೀನೂ ನಾನs ಹೊರಬೇಕಂದ್ರ ನನ್ನ ಕಡೆ ಆಗೂದಿಲ್ಲ. ಇವತ್ತೇನೋ ಎದ್ದ ನಿಂದರತೀನಿ. ಮುಂದಿನ ತಿಂಗಳ ಬಸ್ಸಿನ ಮೆಟ್ಟಿಲದಾಗ ಬಿದ್ನೆಂದ್ರ ಈಕೀನ ಎತ್ತವ್ರು ಯಾರು, ಅದನ್ನೊಂದ ಹೇಳ್ರಿ."

ಲಕ್ಷ್ಮೇಶ್ವರದಿಂದ ಮುಂಡರಗಿಯ ತನಕ ಮಾತಿಗೆ ಹೆಸರಾದವನು ಹಸಿರು ಹೂವಿನ ಲೋಡುಗಳನ್ನು ತಬ್ಬಿಕೊಂಡು ಬೇವಿನ ಗಿಡದ ಕೆಳಗೆ ಪೆದ್ದನಂತೆ ನಿಂತಿದ್ದ. ಕೇಳಿದ್ದು ಮಗಳ ಬಗ್ಗೆ, ತಾನು ಮಾರಿದ್ದು ಗಾದಿ. ಅದೂ ಎಷ್ಟು ಚೆನ್ನಾಗಿ ಮಾರಿಬಿಟ್ಟೆ ಎಂದು ನೆನೆದಾಗ ನಗು ಬಂತು. ತನ್ನ ಕಪಾಳಕ್ಕೆ ತಾನೇ ಒಂದು ಬಾರಿಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ.

"ಎತ್ತಿ ಕೊಡು ಆಕೀನ. ನಾ ಹೊರತೀನಿ" ಎಂದ.

ಮತ್ತೆ ಸಾಲಿನ ತುದಿಗೆ ನಿಂತರು. ಸರದಿ ಬರುವಾಗ ಹೊತ್ತು ವಾಲಿತ್ತು. ಹುಚ್ಚೀರಪ್ಪ ಗೌಡರು ಮೊಮ್ಮಗನ ಕಾಲಿಗೆ ಕಟ್ಟುವ ಪಟ್ಟಿಯ ಅಳತೆ ಕೊಡಿಸಲು ಅಲ್ಲೇ ಉಳಿದಿದ್ದರು. ಫಕ್ರುಸಾಬ ಮೊದಲಿನಂತೆಯೇ ಲೋಡು ಹೂಡಿ ಮಗಳನ್ನು ಕೂರಿಸಿದ.

"ಬಾಯಾರ, ನಾ ಮುಂಜಾನಿ ಹೇಳಿದ್ದು ಸುಳ್ಳರಿ. ಈಕಿಗೆ ಕುಂಡ್ರಾಕ ಬರಂಗಿಲ್ಲ."

ಡಾಕ್ಟರ ಮುಖ ಬಿಗಿಯಿತು. ಬೆಳಿಗ್ಗೆಯಿಂದ ಅವರು ಇಂಥವರನ್ನೂ ನೋಡಿದ್ದರು. ಒಬ್ಬ ಅಪ್ಪ ಚೆನ್ನಾಗಿ ಓಡಾಡುವ ಮಗನಿಗೆ ಕುಂಟುವುದನ್ನು ಕಲಿಸಿ ಕರೆತಂದಿದ್ದ. "ಛಂದ ಕುಂಡ್ರತಾಳ ಅಂದವರೂ ನೀವs. ಕುಂತಿದ್ದನ್ನ ನಾನs ಕಣ್ಣಾರೆ ನೋಡೀನಿ. ಈಗೂ ಕುಂತಾಳ. ನರ್ಸು ಬರತಾರ ಅಂತ ಗೊತ್ತಾದ ಕೂಡಲೇ ಮಾತು ಹೊಳ್ಳತೈತೇನ್ರಿ?"

ಫಕ್ರುಸಾಬ ಮಗಳ ಕುತ್ತಿಗೆಯ ಹಿಂದಿನ ಸಣ್ಣ ಲೋಡನ್ನು ತೆಗೆದು ಮೇಜಿನ ಮೇಲಿಟ್ಟ. ಗುಲಾಬಬಿಯ ತಲೆ ಹಿಂದಕ್ಕೆ ಜೋತುಬಿತ್ತು. ತೊಡೆಯ ಕೆಳಗಿನದನ್ನು ಎಳೆದ, ಕಾಲು ಬಿಗಿದುಕೊಂಡು ಒಂದರ ಮೇಲೊಂದು ಏರಿದವು. ಎಡಪಕ್ಕೆಯದನ್ನು ತೆಗೆದಾಗ ಹುಡುಗಿ ಆ ಕಡೆ ವಾಲಿದಳು, ಅವನು ಕೈಕೊಟ್ಟು ಹಿಡಿದ. ಒಂದೊಂದೇ ಲೋಡು ಹೊರಗೆ ಬಂದಂತೆ, ಬೆಳಿಗ್ಗೆ ಗೊಂಬೆಯಂತಿದ್ದ ಮಗಳು ಎಲ್ಲರ ಕಣ್ಣೆದುರಿಗೇ ಕುಸಿಯುತ್ತ ಬಂದಳು. ಹೊಲಿಗೆ ಬಿಚ್ಚುವ ಕೆಲಸ ಅವನಿಗೆ ಹೊಸದಲ್ಲ, ಆದರೆ ಈ ಸಲ ಬಿಚ್ಚುತ್ತಿದ್ದುದು ಇಷ್ಟು ವರ್ಷದ ತನ್ನ ಮಾತನ್ನು.

ಬೆನ್ನಿನ ಲೋಡೊಂದು ಉಳಿಯಿತು. ಅದನ್ನು ತೆಗೆಯಲು ಅವನ ಕೈ ಏಳಲಿಲ್ಲ.

"ತಗೀರಿ" ಎಂದಳು ಮೋತಿಬಿ, ಮೆಲ್ಲಗೆ. "ನಾ ಇಲ್ಲೇ ಅದೀನಿ."

ಫಕ್ರುಸಾಬ ಮಗಳ ಮುಖ ನೋಡಿದ. "ಬಿಡಲೇನು?" ಎಂದ. ಇನ್ನೊಮ್ಮೆ ಕೇಳಿದ. "ಬಿಡಲೇನು?"

ಬೆನ್ನಿನ ಲೋಡನ್ನೂ ಎಳೆದು ಕೈಬಿಟ್ಟ. ಗುಲಾಬಬಿ ವಾಲಿ, ಪಕ್ಕದಲ್ಲೇ ಕುಳಿತಿದ್ದ ಅವ್ವನ ಮಡಿಲಿಗೆ ಬಿದ್ದಳು. ಬಿದ್ದು, ಮನೆಯ ಅರಳೆಯ ರಾಶಿಯಲ್ಲಿ ಬಿದ್ದಂತೆಯೇ ಕೇಕೆ ಹಾಕಿ ನಕ್ಕಳು. ಇನ್ನೊಮ್ಮೆ ಆಡಿಸು ಎಂದು ಅಪ್ಪನತ್ತ "ಬಾ" ಎಂದಳು. ಅಲ್ಲಿದ್ದವರಲ್ಲಿ ನಕ್ಕವಳು ಅವಳೊಬ್ಬಳೇ. ಫಕ್ರುಸಾಬ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡು ಅತ್ತ.

ಡಾಕ್ಟರು ಎದ್ದು ಬಂದು ಹುಡುಗಿಯ ಕೈಕಾಲನ್ನು ಮೊದಲಿನಿಂದ ನೋಡಿದರು. "ನಾನೂ ಮುಂಜಾನಿ ಎತ್ತಿ ನೋಡಬೇಕಾಗಿತ್ತು" ಎಂದರು. ಸಿದ್ದಲಿಂಗವ್ವನ ಕಡೆ ತಿರುಗಿ, "ಲಕ್ಷ್ಮೇಶ್ವರಕ್ಕ ನೀವs ಹೋಗೂದಲ್ಲ? ಈ ಮನೀನೂ ಬರ್ಕೋರಿ" ಎಂದರು. ಮೋತಿಬಿ ಸೆರಗಿನಿಂದ ಮಗಳ ಜೊಲ್ಲು ಒರೆಸುತ್ತ, ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಹೊರಗೆ ಹುಚ್ಚೀರಪ್ಪ ಗೌಡರು ಬೀಡಿ ಹಚ್ಚಿಕೊಂಡು ನಿಂತಿದ್ದರು. ಫಕ್ರುಸಾಬ ತಲೆ ತಗ್ಗಿಸಿ ದಾಟಿಹೋಗಲು ನೋಡಿದ.

"ನಿಲ್ಲೋ" ಎಂದರು ಗೌಡರು. "ನಮ್ಮ ಮನಿ ಗಾದೀ ಕಾಲಾಗ ಗಂಟು ಅದಾವು ಅಂತ ನಾ ಎಂದಾರ ಅಂದೀನೇನು?"

"ಇಲ್ರಿ."

"ಮತ್ತ? ವರ್ಷಾ ನಿನ್ನs ಕರಸ್ತೀನಿ, ಗಂಟಿನ ಮ್ಯಾಲs ಕಾಲಿಟ್ಟು ಮಲಗತೀನಿ. ಮಗಳ ಸುದ್ದೀನೂ ಮಂದಿ ಬಾಯಾಗ ಕೇಳೀನಿ. ಮಗಳು ಕುಂಡ್ರಂಗಿಲ್ಲ ಅಂತ ಖರೆ ಹೇಳಿದ್ರ ನಿನ್ನ ಬಿಟ್ಟು ಬ್ಯಾರೇ ಪಿಂಜಾರನ್ನ ಹುಡುಕತಿದ್ನೇನು?"

ಎಲ್ಲರಿಗೂ ಎಲ್ಲ ಗೊತ್ತಿತ್ತು ಎಂಬುದು ಫಕ್ರುಸಾಬನಿಗೆ ಆಗ ಗೊತ್ತಾಯಿತು. ಇಷ್ಟು ವರ್ಷ ತಾನು ಮುಚ್ಚಿಟ್ಟದ್ದು ಊರವರಿಂದಲ್ಲ, ತನ್ನೊಬ್ಬನಿಂದಲೇ ಎಂದು ಬಸ್ಸಿನಲ್ಲಿ ಮೋತಿಬಿಗೆ ಹೇಳಿದ. ಅದಕ್ಕೆ ಅವಳು ಸ್ವಲ್ಪ ನಕ್ಕಳು.

ಮುಂದಿನ ತಿಂಗಳು ಸಿದ್ದಲಿಂಗವ್ವ ಗುಳಿಗೆಯ ಚೀಲ ಹಿಡಿದು ಮನೆಗೆ ಬಂದಳು. ಬರುತ್ತಾಳೆಂದು ತಿಳಿದು ಫಕ್ರುಸಾಬ ಮಗಳನ್ನು ಹಸಿರು ಲೋಡುಗಳ ನಡುವೆ ಮತ್ತೆ ಗೊಂಬೆಯಂತೆ ಕೂರಿಸಿದ್ದ. ಮಾಡಿದ ಮೇಲೆ ತನ್ನ ಬುದ್ಧಿ ತನಗೇ ತಿಳಿದು ನಾಚಿಕೆಯೂ ಆಗಿತ್ತು.

"ಇವನ್ನೆಲ್ಲಾ ತಗೀರಿ ಮಾರಾಯ್ರ" ಎಂದು ಸಿದ್ದಲಿಂಗವ್ವ ನಕ್ಕಳು. "ಆಕೀನ ನನ್ನ ತೊಡೀ ಮ್ಯಾಲ ಕೊಡ್ರಿ."

ಅವನು ಲೋಡುಗಳನ್ನು ತೆಗೆದು ಗೋಡೆಗೆ ಒಟ್ಟಿದ. ನರ್ಸು ಗುಲಾಬಬಿಯ ಬಿಗಿದ ಕಾಲನ್ನು ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸುತ್ತ, ಹೇಗೆ ಹಿಡಿಯಬೇಕೆಂದು ಫಕ್ರುಸಾಬನಿಗೇ ಕಲಿಸತೊಡಗಿದಳು. ಮೋತಿಬಿಯ ಕೈ ಖಾಲಿಯಾಗಿತ್ತು. ಏನು ಮಾಡಬೇಕೆಂದು ತಿಳಿಯದೆ ಗೋಡೆ ಹಿಡಿದು ಮೆಲ್ಲಗೆ ಕುಳಿತಳು, ಬೆನ್ನು ಹಿಂದಿನ ಲೋಡುಗಳಿಗೆ ತಾಗಿತು. ಅವಳ ಕಣ್ಣು ಮುಚ್ಚಿದವು. ಸ್ವಲ್ಪ ಹೊತ್ತಿಗೆ, ಹಾಡುಹಗಲಲ್ಲಿ, ಬಾಯಿ ಅರೆ ತೆರೆದು ನಿದ್ದೆ ಹೋದಳು.

"ಇವ್ರ ಬೆನ್ನ ಭಾಳ ನೋಯತಿರಬೇಕು" ಎಂದಳು ಸಿದ್ದಲಿಂಗವ್ವ ದನಿ ತಗ್ಗಿಸಿ. "ಎಂಥಾ ಗಾದೀ ಮ್ಯಾಲ ಮಲಗತಾರ್ರಿ?"

"ಅಗದೀ..." ಎಂದು ಫಕ್ರುಸಾಬ ಬಾಯಿ ತೆರೆದ. ಮೂಲೆಯಲ್ಲಿ ಮೋತಿಬಿಯ ಚಾಪೆ ಸುತ್ತಿಟ್ಟಿತ್ತು, ಅದರ ಅಂಚು ಹರಿದಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಮಲಗುತ್ತಿದ್ದುದು ಅದರ ಮೇಲೆಯೇ. "ಗಾದಿ ಇಲ್ರಿ" ಎಂದ.

ಮರುದಿನ ಡಂಬಳದ ಗಿರಾಕಿಯನ್ನು ಮುಂದಿನ ವಾರಕ್ಕೆ ಹಾಕಿ, ಫಕ್ರುಸಾಬ ತನ್ನ ಮನೆಯ ಕಟ್ಟೆಯ ಮೇಲೆ ತಾನೇ ಬಿಲ್ಲು ಹಿಡಿದು ಕುಳಿತ. ಒಳಗಿನಿಂದ ಗುಲಾಬಬಿ ಪ್ರತಿ ಟಂಯ್‌ಗೂ ನಗುತ್ತಿದ್ದಳು. ಅಮೃತವ್ವ ಬಾಲವಾಡಿಯಿಂದ ಬರುತ್ತ ನಿಂತು ನೋಡಿದಳು.

"ಯಾರ ಗಾದಿ ಫಕ್ರುಸಾಬ?"

"ನಮ್ಮ ಮನೀದು."

"ಆತೇನು? ಗಂಟೇನಾರ ಅದಾವೇನು?"

"ಭಾಳ ಅದಾವ ಬೇ" ಎಂದ ಫಕ್ರುಸಾಬ. "ಇವತ್ತ ಮುಗಿಯಂಗಿಲ್ಲ." ಕಾಲ್ದೆಸೆಗೆಂದು ಸರಿಸಿಟ್ಟಿದ್ದ ಗಂಟಿನ ಅರಳೆಯನ್ನು ಎಳೆದುಕೊಂಡು ಮತ್ತೆ ತಂತಿಗೆ ಕೊಟ್ಟ.